ಕಟ್ಟುವ ಮೊದಲು ಕಂಪ್ಯೂಟರ್ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಯಂತ್ರ ಕೆಟ್ಟು ಅತ್ತದ್ದಕ್ಕಿಂತ ಯಂತ್ರ ಹೇಳಿದ್ದನ್ನು ಓದಿ ನಕ್ಕದ್ದೇ ಹೆಚ್ಚು.

ಕನ್ನಡದ ಹೊಸ ತಂತ್ರಾಂಶ ಓಡುವುದಿಲ್ಲವೆಂದು ನಮ್ಮ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮಾತು ಬಂತು. ತಂತ್ರಾಂಶದ ಮೂಲ ಕೋಡ್ ತಂದು, ಈ ಯಂತ್ರಗಳಿಗೆ ಹೊಂದುವಂತೆ ಇಲ್ಲಿಯೇ ಕಟ್ಟುತ್ತೇನೆ ಎಂದೆ. ಪ್ರಿನ್ಸಿಪಾಲರು ಒಂದು ವಾರ ಕೊಟ್ಟರು.

೧. ಇಲ್ಲ, ಇಲ್ಲ

ಹಾಗೆ ಕಟ್ಟುವ ಮೊದಲು ಯಂತ್ರದಲ್ಲಿ ಏನೇನು ಉಂಟೆಂದು ನೋಡುವ ಪರೀಕ್ಷೆ ಉಂಟು. ಒಂದೊಂದಕ್ಕೂ ಕಂಪ್ಯೂಟರೇ ನಾಲ್ಕೇ ಸಾಲಿನ ಪುಟ್ಟ ಪ್ರೋಗ್ರಾಮು ಬರೆದು, ಕಂಪೈಲ್ ಮಾಡಿ, ಎಂದರೆ ಯಂತ್ರದ ಭಾಷೆಗೆ ತಿರುಗಿಸಿ ನೋಡಿ, ಆದರೆ 'ಉಂಟು', ಆಗದಿದ್ದರೆ 'ಇಲ್ಲ' ಎಂದು ಅದೇ ಹೇಳುತ್ತದೆ. ಪ್ರಿನ್ಸಿಪಾಲರು ಬಂದು ನಿಂತಾಗ ಪರದೆಯ ತುಂಬ 'ಇಲ್ಲ'ಗಳೇ. ಅವರ ಮುಖ ಬಾಡಿತು. ಏನಿಲ್ಲವೆಂದು ಮೊದಲೇ ತಿಳಿದರೆ ಇದ್ದದ್ದರಲ್ಲೇ ಕಟ್ಟಬಹುದು ಎಂದು ವಿವರಿಸಿದೆ.

"ಹಾಗಾದರೆ ನಾನು ಈ ಕಾಲೇಜು ನಡೆಸುವುದೂ ಹೀಗೆಯೇ" ಎಂದು ಸಮಾಧಾನದಿಂದ ಹೋದರು.

೨. ಹಳೇ ತಾರೀಕು

ಮರುದಿನ ಕೆಲಸ ನಿಂತಿತು. ಈಗಷ್ಟೇ ಬರೆದ ಫೈಲು ಮೂಲ ಫೈಲುಗಳಿಗಿಂತ ಹಳೆಯದಾಗಿ ಕಾಣುತ್ತದೆ, ಗಡಿಯಾರ ನೋಡಿ ಎಂದು ಪರದೆಯ ಮೇಲೆ ಯಂತ್ರದ ದೂರು. ಒಳಗಿನ ಬ್ಯಾಟರಿ ಸತ್ತು ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ಬ್ಯಾಟರಿ ಬದಲಿಸುತ್ತ ನಮ್ಮ ಅಟೆಂಡರಿಗೆ ವಿಷಯ ಹೇಳಿದೆ. ಅವರು ಸ್ವರ ತಗ್ಗಿಸಿದರು.

"ಇವತ್ತು ಬರೆದು ಹಳೇ ತಾರೀಕು ಹಾಕಿದ್ದನ್ನು ಇದು ಹಿಡಿಯುತ್ತದಾ ಟೀಚರೇ? ಆಫೀಸಿಗೆ ಮಾತ್ರ ತರಬೇಡಿ ಮಾರಾಯ್ರೆ."

೩. ಎರಡನೇ ಸಾಲು

ನಾಲ್ಕನೇ ದಿನ ಪರೀಕ್ಷೆಗಳೆಲ್ಲ ಮುಗಿದು, ಬೇಕಾದ ಫೈಲುಗಳು ತಯಾರಾಗಿ, ಕನ್ನಡ ತಂತ್ರಾಂಶ ತೆರೆದುಕೊಂಡಿತು. ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯಲ್ಲೇ, ಮಕ್ಕಳಿಗೆ ಅರ್ಥವಾಗಲಿ ಎಂದು ಪರೀಕ್ಷೆಯ ಪ್ರಶ್ನೆಗಳನ್ನೂ ಕನ್ನಡ ಮಾಡಿದೆ. ಯಂತ್ರದ ವ್ಯವಸ್ಥೆ ನೆಟ್ಟಗಿದೆಯೇ ಎಂಬ ಪ್ರಶ್ನೆ ಒಂದುಂಟು. ಅದನ್ನು ನಮ್ಮ ಮಾತಿನಲ್ಲಿ 'ತಲೆ ಸರಿ ಉಂಟಾ' ಎಂದು ಬರೆದೆ.

ವಾರದ ಕೊನೆಗೆ ಗುಜರಿಯ ತೀರ್ಮಾನ ಹೇಳಲು ಬಂದವರು ಮಂಗಲ್ಪಾಡಿ ಕಡೆಯ ಅಧಿಕಾರಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಪರೀಕ್ಷೆ ಮೊದಲಿನಿಂದ ನೋಡಬೇಕೆಂದು ತಾವೇ ಕೂತು ಕೀಲಿ ಒತ್ತಿದರು. ಎರಡನೇ ಸಾಲು ಬಂತು: 'ತಲೆ ಸರಿ ಉಂಟಾ ನೋಡಲಾಗುತ್ತಿದೆ... ಉಂಟು.'

ಪ್ರಿನ್ಸಿಪಾಲರು ಕಿಟಕಿಯ ಕಡೆ ತಿರುಗಿದರು. ಲ್ಯಾಬು ಹೋಯಿತು ಎಂದುಕೊಂಡೆ ನಾನು. ಅಧಿಕಾರಿ ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಕೊನೆಗೆ ತಂತ್ರಾಂಶ ತೆರೆದಾಗ ತಮ್ಮ ಹೆಸರು ಟೈಪು ಮಾಡಿದರು. ಪರದೆಯಲ್ಲಿ ಒಂದು ಒತ್ತಕ್ಷರವೂ ತಪ್ಪಲಿಲ್ಲ. ಈ ಯಂತ್ರಗಳನ್ನು ಗುಜರಿಗೆ ಹಾಕಕೂಡದು ಎಂದು ಅಲ್ಲೇ ಬರೆದುಕೊಟ್ಟರು.

ಹೊರಡುವಾಗ ಪ್ರಿಂಟರ್ ಸರಿ ಉಂಟಾ ಎಂದು ಕೇಳಿದರು. ಉಂಟು ಎಂದೆ.

"ಆ ಎರಡನೇ ಸಾಲಿನದ್ದು ಒಂದು ಪ್ರಿಂಟ್ ಕೊಡಿ. ಮನೆಯಲ್ಲಿ ತೋರಿಸಲಿಕ್ಕುಂಟು."