ನಾಲ್ಕು ಶೇಕಡಾ ಕಳೆದುಕೊಂಡ ಕೈ

ಅಂಗವೈಕಲ್ಯ ಪ್ರಮಾಣ ನಿರ್ಣಯ ಮಂಡಳಿಯ ಅಧ್ಯಕ್ಷರಾದ ಡಾಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಹುಟ್ಟುವಾಗಲೇ ಎಡಗೈಗೆ ಹೆಬ್ಬೆರಳು, ಕಿರುಬೆರಳು ಎರಡನ್ನೇ ತಂದವಳೂ, ಮನೆಯವರ ಬಾಯಲ್ಲಿ ‘ಏಡಿ’ ಎಂದು ಹೆಸರಾದವಳೂ, ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನವಳೂ ಆದ ನಾನು ಮಾಡುವ ನಮಸ್ಕಾರಗಳು. ಎರಡೂ ಕೈ ಜೋಡಿಸಿಯೇ ಮಾಡಿದ್ದೇನೆ. ಕಡಿಮೆ ಬಿದ್ದ ಮೂರು ಬೆರಳನ್ನು ತಾವೇ ದೊಡ್ಡ ಮನಸ್ಸಿನಿಂದ ಸೇರಿಸಿಕೊಳ್ಳಬೇಕು.

ಕಳೆದ ಸೋಮವಾರ ತಾವು ನನ್ನ ಕೈ ಅಳೆದ ಚೆಂದವನ್ನು ಎಷ್ಟು ಹೊಗಳಿದರೂ ಸಾಲದು. ಮಣಿಕಟ್ಟು ಎಷ್ಟು ಬಾಗುತ್ತದೆ, ಹಿಡಿತ ಎಷ್ಟು ಬಿಗಿ ಎಂದು ನೋಡಿ, ಇಲ್ಲದ ಬೆರಳುಗಳನ್ನೂ ಎರಡೆರಡು ಸಲ ಎಣಿಸಿ, ಪೆನ್ಸಿಲಿನಲ್ಲಿ ಶೇಕಡಾ ನಲವತ್ತೆರಡು ಎಂದು ಬರೆದಿರಿ. ನಲವತ್ತು ಮುಟ್ಟಿದರೆ ಗ್ರಂಥಾಲಯದಲ್ಲಿ ಅಂಗವಿಕಲರಿಗೆಂದೇ ಮೀಸಲಿಟ್ಟ ಬೈಂಡರ್ ಹುದ್ದೆಗೆ ನಾನು ಅರ್ಜಿ ಹಾಕಬಹುದು. ಎಷ್ಟೋ ವರ್ಷದಿಂದ ಕಾದ ಹುದ್ದೆ ಅದು.

ಅಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು! ಅಲ್ಲಿ ನಿನ್ನ ಜಾಣತನ ತೋರಿಸಬೇಡ ಕಣೇ, ಒಂದು ದಿನವಾದರೂ ಕೈ ಕಟ್ಟಿ ಕೂತಿರು ಎಂದು ಅಮ್ಮ ಬಾಗಿಲವರೆಗೂ ಬಂದು ಹೇಳಿದ್ದಳು. ಆದರೆ ತಾವು ಮೊಹರು ಹುಡುಕಲು ಒಳಗೆ ಹೋದಾಗ, ಮೇಜಿನ ಮೇಲೆ ತಮ್ಮ ರಿಜಿಸ್ಟರು ಹೊಲಿಗೆ ಬಿಚ್ಚಿ ಹಾಳೆ ಉದುರಿಸುತ್ತಿತ್ತು. ರಟ್ಟು ಕಟ್ಟುವವಳು ಅದನ್ನು ನೋಡಿಕೊಂಡು ಕೂತಿರಲಾದೀತೇ, ಸ್ವಾಮಿ? ಚೀಲದಲ್ಲಿ ಸೂಜಿದಾರ ಇದ್ದೇ ಇತ್ತು. ತಾವು ತಿರುಗಿ ಬರುವಷ್ಟರಲ್ಲಿ ಹೊಲಿದು ಗಂಟು ಬಿಗಿಯುತ್ತಿದ್ದೆ. ತಾವು ಭೇಷ್ ಭೇಷ್ ಎಂದಿರಿ. ಆಮೇಲೆ ರಬ್ಬರು ತೆಗೆದು ನಲವತ್ತೆರಡನ್ನು ಅಳಿಸಿ, ಮೂವತ್ತೆಂಟು ಎಂದು ಶಾಯಿಯಲ್ಲೇ ಬರೆದಿರಿ.

ತಮ್ಮ ನ್ಯಾಯಕ್ಕೆ ತಲೆಬಾಗುತ್ತೇನೆ. ಕೆಲಸ ಬಾರದಿದ್ದರೆ ಗ್ರಂಥಾಲಯದವರು ಸೇರಿಸಿಕೊಳ್ಳುವುದಿಲ್ಲ, ಬಂದರೆ ತಾವು ಸೇರಲು ಬಿಡುವುದಿಲ್ಲ. ಇಷ್ಟು ಸರಿಸಮ ತೂಗುವುದು ತಕ್ಕಡಿಗೂ ಬಾರದು. ಆದರೂ ಒಂದು ಅರಿಕೆ. ತಾವು ಕಳೆದ ಆ ನಾಲ್ಕು ಶೇಕಡಾ ನನ್ನದಲ್ಲ. ಆರು ವರ್ಷದವಳ ಎರಡು ಬೆರಳಿಗೆ ದಾರ ಸಿಕ್ಕಿಸಿ, ಜಾರಿದಾಗಲೆಲ್ಲ ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತ ಪಕ್ಕದಲ್ಲಿ ಕೂತ ಅಮ್ಮನದು. ಅಷ್ಟಕ್ಕೆ ಅವಳ ಹೆಸರಿನಲ್ಲಿ ಬೇರೆ ಪ್ರಮಾಣಪತ್ರ ಕೊಟ್ಟು, ನನ್ನ ಕೈಯನ್ನು ಹುಟ್ಟಿದ ದಿನ ಇದ್ದಂತೆ ಅಳೆಯಬೇಕು. ಅದಾಗದಿದ್ದರೆ ಬಾಕಿ ಮೂರು ಬೆರಳನ್ನು ಶುಕ್ರವಾರದೊಳಗೆ ಮಂಜೂರು ಮಾಡಿಸಬೇಕು. ಅರ್ಜಿಗೆ ಅಂದೇ ಕೊನೆ. ನನಗೆ ಆ ಕೆಲಸ ಬೇಕೇ ಬೇಕು, ಸ್ವಾಮಿ.

ಸದ್ಯಕ್ಕೆ ಶೇಕಡಾ ಮೂವತ್ತೆಂಟರಷ್ಟು ಮಾತ್ರ
ತಮ್ಮ ವಿಶ್ವಾಸಿ,
ಏಡಿ

ವಿ.ಸೂ.: ಈ ಪತ್ರವನ್ನು ಅಮ್ಮನೇ ತಂದುಕೊಡುತ್ತಾಳೆ. ಅವಳ ಕೈಕಾಲು ನೆಟ್ಟಗಿವೆ, ಅಳೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಾಲಿಗೆ ಅಳೆಯುವ ಪಟ್ಟಿ ಮಾತ್ರ ತಮ್ಮ ಮಂಡಳಿಯಲ್ಲಿ ಇದ್ದಂತಿಲ್ಲ.