ಒಂದು ಡ್ರಮ್ಮು, ಎರಡು ತಲೆಯ ಹಕ್ಕಿ

ನಮ್ಮ ಬ್ಯಾಂಡು ಲಗ್ನಕ್ಕೆ ಹೋಗಿ, ಏನೂ ಆಗದೆ ತಿರುಗಿ ಬಂದ ದಿನ ನನಗೆ ನೆನಪಿಲ್ಲ. ಎಪ್ಪತ್ತರ ದಶಕದಲ್ಲಿ ಹೊಲದ ಕೆಲಸ ಮುಗಿದರೆ ನಾನು ಕ್ಲಾರಿನೆಟ್ ಹಿಡಿದು ಹೊರಡುತ್ತಿದ್ದೆ.

೧. ಇಂಡಿ ಊರಿನ ಪೇಂಟರ್

ಬ್ಯಾಂಡಿಗೆ ಗಂಡಭೇರುಂಡ ಎಂದು ಹೆಸರಿಟ್ಟವರು ನಮ್ಮ ಬ್ಯಾಂಡ್ ಮಾಸ್ತರರು. ಎರಡು ತಲೆಯ ಆ ಹಕ್ಕಿಯ ಮೇಲೆ ಅವರಿಗೆ ಬಹಳ ಭಕ್ತಿ. ದೊಡ್ಡ ಮನೆತನದವರು ಕರೆಯಲೆಂದು ದೊಡ್ಡ ಡ್ರಮ್ಮಿನ ಒಂದು ಮುಖದ ಮೇಲೆ ಇಂಡಿ ಊರಿನ ಪೇಂಟರನಿಂದ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿದರು. ವಿಭೂತಿ ಹಚ್ಚಿ ಕಾಯಿ ಒಡೆದ ಮೇಲೆ ಸಾಲಿಯ ಗುರುಗಳು ಬಂದು, ಎರಡು ಅಕ್ಷರ ಬಿಟ್ಟುಹೋಗಿವೆ ಎಂದರು. ಪೇಂಟರ್ ಅರಿವೆ ಹಿಡಿದು ಒರೆಸಲು ಹೋದ. ಮಾಸ್ತರರು ಅಡ್ಡ ನಿಂತರು.

"ಪೂಜಿ ಆದ ಹೆಸರು ಅಳಸಬಾರದು. ಸರಿ ಇದ್ದದ್ದು ಆ ಕಡೆ ಬರಿ."

ಬರೆದ. ಆ ಕಡೆ ಮೂರು ಅಕ್ಷರ ಹೆಚ್ಚಾದವು.

೨. ಬಾಗೇವಾಡಿಯ ಅಜ್ಜಿ

ಮುದ್ದೇಬಿಹಾಳದ ವಕೀಲರೊಬ್ಬರು ಡ್ರಮ್ಮಿನ ಸುತ್ತ ತಿರುಗಿ, ಎರಡೂ ತಪ್ಪೆಂದು ಮೂರನೆಯದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಬಾಗೇವಾಡಿಯ ಲಗ್ನವೊಂದರಲ್ಲಿ ಗುಮಾಸ್ತರೊಬ್ಬರು ಆ ಚೀಟಿಯನ್ನೇ ತಿದ್ದಿದರು. ಮಾಸ್ತರರ ಮುಖ ಬಾಡಿತು. ಅಲ್ಲೇ ಕೂತಿದ್ದ ಮದುಮಗನ ಅಜ್ಜಿ ಸಮಾಧಾನ ಹೇಳಿದಳು:

"ಎರಡು ತಲಿ ಹಕ್ಕಿ ಅದು, ತಮ್ಮಾ. ಯಾವ ಹೆಸರಿಲೆ ಕರದ್ರೂ ಒಂದಾದ್ರೂ ತಲಿ ಹೊಳ್ಳಿ ನೋಡತೈತಿ."

೩. ಸಿಂದಗಿಯ ಬೀಗರು

ನಮ್ಮ ಕಡೆ ಗಂಡಿನವರು ಊರಹೊರಗೆ ಬಂದರೆ ಹೆಣ್ಣಿನವರು ಬ್ಯಾಂಡಿನೊಡನೆ ಎದುರುಗೊಳ್ಳಬೇಕು. ಎರಡೂ ಕಡೆಯ ಬ್ಯಾಂಡು ಎದುರುಬದುರು ನಿಂತು ಜಿದ್ದಿಗೆ ಬೀಳಬೇಕು. ಸಿಂದಗಿಯ ಹೆಣ್ಣಿನ ತಂದೆಗೆ ನಾನು ಮಾತು ಕೊಟ್ಟಿದ್ದೆ. ಚಡಚಣದ ಗಂಡಿನ ತಂದೆಯಿಂದ ಮಾಸ್ತರರು ವೀಳ್ಯ ತೆಗೆದುಕೊಂಡಿದ್ದರು. "ಸಿಂದಗಿ ಲಗ್ನ" ಎಂದು ಇಬ್ಬರೂ ಹೇಳಿಕೊಂಡು, ಒಂದೇ ಕರೆ ಎಂದು ತಿಳಿದಿದ್ದೆವು. ಬೀಗರಿಬ್ಬರೂ ಡ್ರಮ್ಮಿನ ಒಂದೊಂದು ಮುಖ ಓದಿದವರು. ಲಗ್ನದ ದಿನ ಹೋಗಿ ನೋಡಿದರೆ ಲಗ್ನಪತ್ರಿಕೆಯಲ್ಲಿ ಎರಡು ಬೇರೆ ಬೇರೆ ಬ್ಯಾಂಡಿನ ಹೆಸರು ಅಚ್ಚಾಗಿದ್ದವು.

ಮಾತು ತಪ್ಪಿದರೆ ಒಂದು ಕಡೆಯವರು ಬೀಗರ ಮುಂದೆ ತಲೆ ತಗ್ಗಿಸಬೇಕು. ನಮ್ಮ ಬ್ಯಾಂಡಿಗೂ ಅದೇ ಕೊನೆಯ ದಿನ. ಮಾಸ್ತರರು ಕಣ್ಣು ಮುಚ್ಚಿ ದೇವರನ್ನು ನೆನೆದು, ಅರ್ಧ ಜನರ ಟೋಪಿ ತೆಗೆಸಿ ರುಮಾಲು ಸುತ್ತಿಸಿ ಗಂಡಿನವರ ಕಡೆ ಕಳಿಸಿದರು. ಡ್ರಮ್ಮು ಮಾತ್ರ ಒಂದೇ. ಅದನ್ನು ಹೊತ್ತವನನ್ನು ನಟ್ಟನಡುವೆ ಅಡ್ಡಕ್ಕೆ ನಿಲ್ಲಿಸಿದರು. ಈ ಕಡೆಯವರಿಗೆ ಈ ಹೆಸರು, ಆ ಕಡೆಯವರಿಗೆ ಆ ಹೆಸರು.

ಅವನು ಎರಡೂ ಮುಖ ಬಾರಿಸತೊಡಗಿದ. ಒಂದು ಒಡಲು, ಎರಡು ತಲೆ. ಆ ಹಕ್ಕಿಯೇ ಸಿಂದಗಿಯ ದಾರಿಯಲ್ಲಿ ಬಂದು ನಿಂತಂತಿತ್ತು. ಕ್ಲಾರಿನೆಟ್ ಹಿಡಿದುಕೊಂಡೇ ಕೈ ಮುಗಿದೆ.

ಊಟದ ಪಂಕ್ತಿಯಲ್ಲಿ ಗಂಡಿನ ತಂದೆ ಮೀಸೆ ತೀಡಿಕೊಂಡರು. "ಬೀಗರ, ನಿಮ್ಮ ಬ್ಯಾಂಡೂ ಚಲೋ ಐತಿ. ಆದರ ನಮ್ಮ ಡ್ರಮ್ಮಿನವನ ಕೈ ಬ್ಯಾರೆನ ಬಿಡ್ರಿ."

ಹೆಣ್ಣಿನ ತಂದೆ ಹೋಳಿಗೆ ಮುರಿಯುತ್ತ ಅಂದರು: "ಹೌದ್ರಿ. ನಮ್ಮ ಡ್ರಮ್ಮಿನವನ್ನ ನೋಡಿ ಕಲ್ತಾನ."