ಕಪ್ ಗೆದ್ದರೆ ಕಾಯಂ

ಆಟಗಾರ್ತಿಯನ್ನು ಆಟವೊಂದನ್ನು ಬಿಟ್ಟು ಬಾಕಿ ಎಲ್ಲದಕ್ಕೂ ಬಳಸಿಕೊಳ್ಳುವುದರಲ್ಲಿ ನಮ್ಮ ಆಫೀಸುಗಳದು ಎತ್ತಿದ ಕೈ. ತೊಂಬತ್ತರ ದಶಕದಲ್ಲಿ ನಾನು ಪುಣೆ ಹತ್ತಿರದ ಪಿಂಪ್ರಿಯ ಒಂದು ಕಾರ್ಖಾನೆಗೆ ವಾಲಿಬಾಲ್ ಕೋಟಾದಲ್ಲಿ ಗುಮಾಸ್ತೆಯಾಗಿ ಸೇರಿದೆ. ಕಂಪನಿಗಳ ಟೂರ್ನಿಯಲ್ಲಿ ಕಪ್ ಗೆದ್ದರೆ ನೌಕರಿ ಕಾಯಂ, ಸೋತರೆ ಧಾರವಾಡದ ಬಸ್ಸು ಹತ್ತುವುದು. ಶರತ್ತು ಅಷ್ಟೇ.

೧. ಸ್ಟೂಲು

ಮೊದಲ ದಿನ ನಮ್ಮ ಕಡೆಯವರೇ ಆದ ಹೆಡ್ ಕ್ಲರ್ಕ್ ಆರಡಿ ಎತ್ತರದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭಾಳ ಛಲೋ ಆತ್ರಿ" ಅಂದರು. ಕ್ರೀಡಾಪ್ರೇಮಿ ಎಂದುಕೊಂಡೆ. ತಾಸಿನೊಳಗೆ ಆಫೀಸಿನ ಸ್ಟೂಲು ಸ್ಟೋರಿಗೆ ಹೋಯಿತು. ಕಪಾಟಿನ ಮೇಲಿನ ಫೈಲೆಲ್ಲ ಅಂದಿನಿಂದ ನನ್ನ ಕೈಯಲ್ಲೇ ಇಳಿಯಬೇಕು. ಪ್ರ್ಯಾಕ್ಟೀಸಿಗೆ ರಜೆ ಕೇಳಿದರೆ ಮಹಾಶಯರು ಅರ್ಜಿಯ ಮೇಲೆ ಬರೆದರು: "ಸ್ಟೂಲು ವಾಪಸ್ ಬಂದ ಮೇಲೆ ಮಂಜೂರು."

೨. ಬಾಳೆಹಣ್ಣು

ಗಂಡಸರ ತಂಡ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿತು. ಆದರೂ ಅವರಿಗೆ ದಿನಾ ಹಾಲು, ಬಾಳೆಹಣ್ಣು. ಫೈನಲ್ ತಲುಪಿದ ನಮಗೆ ಅರ್ಧ ಕಪ್ ಚಹಾ. ನಿಪ್ಪಾಣಿ ಕಡೆಯ ಕ್ರೀಡಾಧಿಕಾರಿಯ ಹತ್ತಿರ ಹೋಗಿ ಕೇಳಿದೆ.

"ಅವರು ಸೋತಾರ್ರೀ, ಅಶಕ್ತಿ ಆಗೇದ," ಅಂದರು.

"ನಾವು ಗೆದ್ದೇವಲ್ರಿ?"

"ಮತ್ತ? ಶಕ್ತಿ ಅದ ಅಂತನs ಗೆದ್ದೀರಿ. ಹಣ್ಣು ಯಾಕ್ರಿ ನಿಮಗ?"

ಇಂಥ ತರ್ಕಕ್ಕೆ ಸಂಬಳವನ್ನೂ ಕೊಡುತ್ತಿದ್ದರು!

೩. ದೊಡ್ಡ ಸಾಹೇಬರು

ಫೈನಲ್. ಕೊನೆಯ ಸೆಟ್, ನಾವು ಹದಿನಾಲ್ಕು, ಎದುರಿನವರು ಹದಿಮೂರು, ಸರ್ವಿಸ್ ನನ್ನದು. ಒಂದು ಪಾಯಿಂಟು ಬಂದರೆ ಕಪ್ಪೂ ನಮ್ಮದು, ನೌಕರಿಯೂ ನನ್ನದು. ರೆಫರಿ ಸೀಟಿ ಊದಿದರು, ನಾನು ಹೊಡೆದೆ. ಚೆಂಡು ಎದುರಿನ ಅಂಗಳದ ಮೂಲೆಯಲ್ಲಿ ನೆಟ್ಟಗೆ ಬಿತ್ತು!

ಚಪ್ಪಾಳೆಯೋ ಚಪ್ಪಾಳೆ. ತಿರುಗಿ ನೋಡಿದರೆ ಎಲ್ಲರ ಮುಖವೂ ಗೇಟಿನ ಕಡೆ. ನಮ್ಮ ಕಂಪನಿಯ ದೊಡ್ಡ ಸಾಹೇಬರು ಒಂದು ತಾಸು ತಡವಾಗಿ ಬಂದಿದ್ದರು. ಬ್ಯಾಂಡು ಶುರು, ಆರತಿ ಶುರು. ರೆಫರಿ ತಮ್ಮ ಎತ್ತರದ ಕುರ್ಚಿಯ ಮೇಲೆಯೇ ಎದ್ದು ನಿಂತು ಕೈ ಮುಗಿಯುತ್ತಿದ್ದರು.

"ಚೆಂಡು ಎಲ್ಲಿ ಬಿತ್ತೋ ಯಾರೂ ನೋಡಿಲ್ಲ. ಮತ್ತೆ ಹೊಡಿ," ಎಂದರು ಮರಾಠಿಯಲ್ಲಿ.

ನನಗೆ ಮೈಯೆಲ್ಲ ಉರಿಯಿತು. "ನಾ ಮತ್ತೊಮ್ಮೆ ಹೊಡೀಬೇಕಂದ್ರ, ಸಾಹೇಬ್ರೂ ಮತ್ತೊಮ್ಮೆ ಬರ್ಲಿ!" ಎಂದು ಕ್ರೀಡಾಧಿಕಾರಿಗೆ ಕೇಳುವಂತೆ ಕೂಗಿದೆ.

ಪುಣ್ಯಾತ್ಮ ಓಡಿಹೋಗಿ ಸಾಹೇಬರ ಕಿವಿಯಲ್ಲಿ ಏನು ಊದಿದನೋ! ಸಾಹೇಬರು ಮುಗುಳ್ನಗುತ್ತ ಎದ್ದರು, ಗೇಟಿನ ಹೊರಗೆ ಹೋದರು, ಮತ್ತೆ ಕೈಬೀಸುತ್ತ ಬಂದರು. ಮತ್ತೆ ಬ್ಯಾಂಡು, ಮತ್ತೆ ಆರತಿ, ಎರಡನೆಯ ಹಾರ.

ಈ ಸಲ ನಾನು ಅವರು ಕುರ್ಚಿಯಲ್ಲಿ ಪೂರ್ತಿ ಕೂರುವವರೆಗೆ ಚೆಂಡು ಹಿಡಿದು ಕಾದೆ. ಸೀಟಿ ಬಿತ್ತು, ಹೊಡೆದೆ. ಅದೇ ಮೂಲೆ. ಕಪ್ ನಮ್ಮದಾಯಿತು.

ಎಂಟು ದಿನಕ್ಕೆ ಕಾಯಂ ಪತ್ರ ಬಂತು. ದೇವರ ಮುಂದಿಟ್ಟು, ಕಣ್ಣೊರೆಸಿಕೊಂಡು ಓದಿದೆ. ಅದರಲ್ಲಿ ವಾಲಿಬಾಲಿನ ಮಾತೇ ಇರಲಿಲ್ಲ. "ಗಣ್ಯರನ್ನು ಎರಡೆರಡು ಬಾರಿ ಸ್ವಾಗತಿಸುವ ಇವರ ಸೌಜನ್ಯವನ್ನು ಮೆಚ್ಚಿ" ಎಂದಿತ್ತು.